ಗುಡುಗಕ್ಕ ಕಾಯುವ ಯಂತ್ರ

ಹೊಲಿಗೆ ಕಾರ್ಖಾನೆಯ ಮೇಲ್ವಿಚಾರಕಿ ಗುಡುಗಕ್ಕನನ್ನು ನಾನು ಮೊದಲು ಕಂಡದ್ದು, ಬಸುರಿಯೆಂದು ಹೇಳಿದರೆ ಕೆಲಸ ಹೋದೀತೆಂದು ಹೆದರಿದ್ದ ಸೊಸೆಗೆ ಜೊತೆಯಾಗಿ ಹೋದ ದಿನ. "ಇದನ್ನ ಹೇಳೋಕೆ ಮಾವನ್ನ ಕರ್ಕೊಂಡು ಬಂದ್ಯೇನೇ? ಕಳ್ಳತನ ಮಾಡಿದ್ದೀಯಾ?" ಎಂದು ಆಕೆ ಗುಡುಗಿದಾಗ ನನ್ನ ಕೈಯಿಂದ ಕೊಡೆ ಜಾರಿತು; ಆದರೆ ಗುಡುಗುತ್ತಲೇ ಆಕೆ ಸೊಸೆಯ ಕಾಲಡಿಗೆ ಮಣೆಯೊಂದನ್ನು ತಳ್ಳಿದ್ದಳು. ಆಕೆಯ ದನಿಗೆ ಯಂತ್ರಗಳೂ ಹೊಲಿಗೆ ತಪ್ಪುತ್ತವೆ ಎಂಬ ಮಾತಿದೆ. ಆಕೆಯ ಮುಂದೆ ಬಸುರಿಯರ ಕೈಯಲ್ಲಿ ಬಟ್ಟೆಯ ಗಂಟು ಹೊರಿಸುವಂತಿಲ್ಲ; "ಅವರದ್ದೇ ಸುಖ" ಎಂದು ಗೊಣಗಿದವನಿಗೆ "ನಿಮ್ಮಮ್ಮ ನಿನ್ನ ಮರದಿಂದ ಕಿತ್ಕೊಂಡು ಬಂದ್ಲೇನೋ?" ಎಂಬ ಉತ್ತರ ಸಿದ್ಧ. ಹೆರಿಗೆ ರಜೆಗೆ ಹೋದವಳ ಯಂತ್ರಕ್ಕೆ ಬಟ್ಟೆ ಹೊದಿಸಿ, ಆಗಾಗ ಎಣ್ಣೆ ಬಿಟ್ಟು, ಅಲ್ಲಿ ಯಾರನ್ನೂ ಕೂರಗೊಡಳು. ಹೊಸಬಳನ್ನು ಕೂರಿಸೆಂದ ಮ್ಯಾನೇಜರಿಗೂ, "ಅವಳು ಸತ್ತಿಲ್ಲ ಸಾರ್, ಹಡೆಯೋಕೆ ಹೋಗಿದ್ದಾಳೆ. ವಾಪಸ್ ಬರೋದು ಅವಳ ಹಕ್ಕು" ಎಂದಳಂತೆ. ಇಷ್ಟೇಕೆ ಹಟವೆಂದು ಸೊಸೆ ಕೇಳಿದಾಗ ಮಾತ್ರ ಆ ದನಿ ತಗ್ಗಿತಂತೆ: "ನಾನು ಮಗು ಹೆತ್ತು ಬಂದಾಗ ನನ್ನ ಮಿಷನ್ ಮುಂದೆ ಇನ್ನೊಬ್ಬಳು ಕೂತಿದ್ಲು ಕಣೇ." ಈಗ ಸೊಸೆ ಹೆರಿಗೆ ಮುಗಿಸಿ ಮರಳಿ ತನ್ನ ಯಂತ್ರದಲ್ಲೇ ಹೊಲಿಯುತ್ತಿದ್ದಾಳೆ, ಮನೆಮಂದಿಗೆಲ್ಲ ಎದೆಯ ಭಾರ ಇಳಿದಿದೆ. ಗುಡುಗಕ್ಕನೋ, ಸೊಸೆಯ ಯಂತ್ರದಿಂದ ತೆಗೆದ ಬಟ್ಟೆಯನ್ನು ಪಕ್ಕದ ಸಾಲಿನಲ್ಲಿ ಹೆರಿಗೆಗೆ ಹೋದವಳ ಯಂತ್ರಕ್ಕೆ ಹೊದಿಸಿ, ಎಣ್ಣೆಡಬ್ಬಿ ಹಿಡಿದು ಎಲ್ಲರನ್ನೂ ಗದರುತ್ತಿದ್ದಾಳೆ.