ಮನೆಯಲ್ಲಿ ಕರೆಯುವ ಹೆಸರು

ನನ್ನ ಗಂಡ ಬಂಗಾಳಿ, ರಾಜಕೀಯ ವರದಿಗಾರ. ಕೋಲ್ಕತ್ತಾದಿಂದ ಬೆಂಗಳೂರಿಗೆ ವರ್ಗವಾಗಿ ಬಂದು, ನನ್ನನ್ನು ಕಟ್ಟಿಕೊಂಡು, ಕನ್ನಡ ಕಲಿತು, ಈಗ ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಬೇಸ್‌ಮೆಂಟ್‌ನಲ್ಲಿ ಕುಳಿತೇ ತನ್ನೂರಿನ ಮಂತ್ರಿಗಳ ನಿದ್ದೆ ಕೆಡಿಸುತ್ತಾನೆ. ಕಾರು ಓಡಿಸಲು ಮಾತ್ರ ಇಂದಿಗೂ ಬಾರದು. ಡಿಯರ್‌ಬಾರ್ನ್‌ನಲ್ಲಿ ಬ್ರೇಕ್ ಎಂಜಿನಿಯರ್ ಆಗಿರುವ ನಾನೇ ಅವನ ಡ್ರೈವರ್.

ಆ ಶನಿವಾರ ಶಿಕಾಗೋದ ಬಂಗಾಳಿಗಳು ಅವನಿಗೆ ಸನ್ಮಾನ ಇಟ್ಟುಕೊಂಡಿದ್ದರು. ಕಾರು ಹತ್ತಿದಾಗಿನಿಂದ ವಿಕ್ಸಮ್ ಊರು ದಾಟುವವರೆಗೂ ಭಾಷಣ ಅಭ್ಯಾಸ ಮಾಡಿದ. ಇಷ್ಟು ವರ್ಷಗಳಲ್ಲಿ ತನಗೆ ಸುದ್ದಿ ಕೊಟ್ಟವರಲ್ಲಿ ಒಬ್ಬರ ಗುಟ್ಟೂ ಹೊರಬಿದ್ದಿಲ್ಲ ಎಂಬುದೇ ಅದರ ತಿರುಳು. ಆಮೇಲೆ ಹಿಂದಿನ ದಿನ ಬಂದಿದ್ದ ತನ್ನ ವರದಿ ಓದಿ ಹೇಳಿದ. ಮಂತ್ರಿಯೊಬ್ಬರ ಕಚೇರಿಯ ಗುಮಾಸ್ತ ಕೊಟ್ಟ ಸುದ್ದಿ. ಆ ಗುಮಾಸ್ತ ಇವನ ಬಾಲ್ಯಸ್ನೇಹಿತ. ವರದಿಯಲ್ಲಿ ಅವನಿಗೆ ಬೇರೆ ಹೆಸರಿಟ್ಟಿದ್ದ.

"ಅದು ಅವ್ರಮ್ಮ ಕರಿಯೋ ಹೆಸರಲ್ವಾ?" ಎಂದೆ.

ಬಂಗಾಳಿಗಳಿಗೆ ಎರಡೆರಡು ಹೆಸರು. ಒಂದು ಲೋಕಕ್ಕೆ, ಇನ್ನೊಂದು ಮನೆಯವರ ಬಾಯಿಗೆ.

"ಯಾವ ಫೈಲಲ್ಲೂ ಆ ಹೆಸರಿಲ್ಲ ಕಣೆ. ಆಫೀಸಲ್ಲಿ ಯಾರಿಗೂ ಗೊತ್ತಿಲ್ಲ."

"ಅವ್ರ ಬೀದಿಗೆ ಗೊತ್ತಲ್ವಾ? ಒಂದ್ ಅಂಗಡೀಲಿ ವಿಚಾರಿಸಿದ್ರೆ ಮುಗೀತು."

ನಕ್ಕುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಊರಿಗೆಲ್ಲ ಬುದ್ಧಿ ಹೇಳುವವನಿಗೆ ತನ್ನ ಬುಡದ ಕತ್ತಲೆ ಕಾಣುವುದಿಲ್ಲ. "ಮೊದ್ಲು ಅವನಿಗೆ ಫೋನ್ ಮಾಡು" ಎಂದೆ.

ಸ್ನೇಹಿತನ ಫೋನ್ ಸ್ವಿಚ್ ಆಫ್ ಆಗಿತ್ತು. ಇವನ ನಗು ಅಲ್ಲಿಗೆ ನಿಂತಿತು. ಸ್ನೇಹಿತನ ತಾಯಿಗೆ ಮಾಡಿದ. ಕಾರಿನ ಸ್ಪೀಕರಿನಲ್ಲಿ ಅವರ ದನಿ ತುಂಬಿಕೊಂಡಿತು. ಅವರ ಬಂಗಾಳಿ ನನಗೆ ಅರ್ಥವಾಗುತ್ತದೆ. ಮಗ ನಿನ್ನೆಯಿಂದ ಅಕ್ಕನ ಮನೆಯಲ್ಲಿದ್ದಾನೆ, ಯಾರಿಗೂ ಹೇಳಬೇಡವೆಂದಿದ್ದಾನೆ ಎಂದರು. ಈಗ ತಾನೇ ಇಬ್ಬರು ಹುಡುಕಿಕೊಂಡು ಬಂದಿದ್ದರಂತೆ.

"ಆಫೀಸಿನವರಾಗಿದ್ರೆ ಬಾಯಿ ಬಿಡ್ತಿರಲಿಲ್ಲ ಕಣಪ್ಪ. ಇವರು ಮನೇಲಿ ಕರೆಯೋ ಹೆಸರು ಹಿಡಿದು ಕೇಳಿದ್ರು. ನಿನ್ನ ಹಾಗೇ ಚಿಕ್ಕಂದಿನ ಸ್ನೇಹಿತರು ಅಂದುಕೊಂಡೆ. ಟೀ ಕೊಟ್ಟು, ಅಕ್ಕನ ಮನೆ ದಾರಿ ಹೇಳಿ ಕಳಿಸಿದೆ."

ಮುಂದಿನ ಎಕ್ಸಿಟ್‌ನಲ್ಲಿ ಹೆದ್ದಾರಿ ಇಳಿದು ಗ್ಯಾಸ್ ಸ್ಟೇಷನ್ ಮುಂದೆ ಕಾರು ನಿಲ್ಲಿಸಿದೆ. ಇವನು ಅಕ್ಕನ ನಂಬರಿಗೆ ಮಾಡಿದ. ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ಈ ಸಲ ಸ್ನೇಹಿತನೇ ಎತ್ತಿದ. ನನ್ನ ಗಂಡ ಅವನನ್ನು ಶಾಲೆಯ ಹಾಜರಿ ಕರೆಯುವ ಹಾಗೆ ಪೂರ್ತಿ ಹೆಸರಿನಿಂದ ಕರೆದ. ಆ ಹೆಸರು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಹೊರಡು. ಈಗಲೇ."

ಆ ಕಡೆಯವನು ಏನನ್ನೂ ಕೇಳದೆ ಫೋನ್ ಇಟ್ಟ.

ಹಿತ್ತಿಲ ಬಾಗಿಲಿನಿಂದ ಪಾರಾದನೆಂದು ಆಮೇಲೆ ತಿಳಿಯಿತು. ನಾವು ಶಿಕಾಗೋಗೆ ಹೋಗದೆ ಮನೆಗೆ ತಿರುಗಿದೆವು. ಸ್ನೇಹಿತನ ಕೆಲಸ ಹೋಯಿತು. ಈಗ ಎಲ್ಲೋ ಬೇರೆ ಊರಿನಲ್ಲಿದ್ದಾನೆ, ನನ್ನ ಗಂಡನ ಫೋನ್ ಎತ್ತುವುದಿಲ್ಲ. ಎತ್ತಲಿ ಎಂದು ಹೇಳುವ ಮುಖ ನನಗೂ ಇಲ್ಲ.

ತಾಯಿ ಮಾತ್ರ ಈಗಲೂ ನಮಗೆ ಫೋನ್ ಮಾಡುತ್ತಾರೆ. ಮಗನ ವಿಷಯ ಬಂದಾಗ ಅವರೂ ಪೂರ್ತಿ ಹೆಸರನ್ನೇ ಹೇಳುತ್ತಾರೆ. ಇನ್ನೊಂದು ಹೆಸರಿನಿಂದ ಕರೆಯಲು ಈಗ ಹೆದರಿಕೆಯಾಗುತ್ತದಂತೆ.