ಎಡಕ್ಕೆ ಎಳೆಯುವ ಗಾಡಿ

ಗಾಡಿ ಎಡಕ್ಕೆ ಎಳೆಯುತ್ತದೆ ಎಂದು ಭಾವ ಮೊದಲು ಹೇಳಿದ್ದು ಒಂದು ಸೋಮವಾರ ಎಂದು ಬರೆದಿದ್ದೆ. ಹೊಡೆದುಹಾಕಿದೆ. ವಾರ ನನಗೆ ನೆನಪಿಲ್ಲ. ನೆನಪಿರುವುದು ಹುಲ್ಲಿನ ಮೇಲೆ ಬಿದ್ದ ವಾರೆ ಗೆರೆಗಳು.

ಹೊಸೂರಿನ ಹತ್ತಿರ, ಕೆಲಮಂಗಲ ರಸ್ತೆಯ ಕಾರ್ಖಾನೆಯಲ್ಲಿ ನಾನು ಮೇಂಟೆನೆನ್ಸ್ ಕೆಲಸದಲ್ಲಿದ್ದೆ. ಅದರ ಮುಂದಿನ ದೊಡ್ಡ ಹುಲ್ಲುಹಾಸನ್ನು ಯಂತ್ರದ ಮೇಲೆ ಕೂತು ಕತ್ತರಿಸುವವನು ನನ್ನ ಅಕ್ಕನ ಗಂಡ. ಆ ಗಾಡಿಗೆ ಸ್ಟಿಯರಿಂಗ್ ಚಕ್ರವಿಲ್ಲ, ಎರಡು ಹಿಡಿಗಳಿವೆ. ಎಡಗೈಯದು ಎಡಚಕ್ರಕ್ಕೆ, ಬಲಗೈಯದು ಬಲಚಕ್ರಕ್ಕೆ. ಸಮನಾಗಿ ನೂಕಿದರೆ ನೇರ ಹೋಗುತ್ತದೆ. ಒಂದು ಹಿಂದುಳಿದರೆ ಆ ಕಡೆಗೆ ತಿರುಗುತ್ತದೆ. ಹಿಡಿಗೂ ಚಕ್ರಕ್ಕೂ ನಡುವೆ ಒಂದು ರಾಡು. ನಟ್ಟು ಸಡಿಲಿಸಿ, ರಾಡನ್ನು ತಿರುಗಿಸಿ, ಉದ್ದ ಹೆಚ್ಚುಕಡಿಮೆ ಮಾಡಿ ಎರಡೂ ಕಡೆ ಸಮ ಮಾಡಬೇಕು.

ಮಾಡಿದೆ. ನಾನು ಓಡಿಸಿದಾಗ ನೂಲು ಹಿಡಿದಂತೆ ಹೋಯಿತು. ಅವನು ಕೂತ, ಗೆರೆ ಎಡಕ್ಕೆ ಬಾಗಿತು. ಎಡಕ್ಕೆ ಮಳೆನೀರಿನ ಹೊಂಡವಿತ್ತು, ಬೇಲಿಯಿಲ್ಲದ್ದು.

"ಏನ್ಲಾ ಬಾಮೈದ, ನಿನ್ನ ಕಂಡ್ರೆ ನೆಟ್ಗೆ ಹೋಯ್ತದೆ, ನನ್ನ ಕಂಡ್ರೆ ಮೂತಿ ತಿರುಗಿಸ್ತದೆ. ಥೇಟ್ ನಿಮ್ಮಕ್ಕನೇ."

"ನೀನು ಕೂರೋದೇ ವಾರೆ ಬಾವ."

ನಕ್ಕೆವು. ಅವನು ನಕ್ಕನೋ ಇಲ್ಲವೋ, ನಾನಂತೂ ನಕ್ಕೆ. ಮತ್ತೆ ಸಮ ಮಾಡಿದೆ. ಮತ್ತೆ ಬಾಗಿತು.

ಆಗ ಅವನು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಹೇಳಿದ: "ಸೋತ ಎತ್ತು ಇದ್ರೆ ಏನ್ಮಾಡ್ತೀವ್ಲಾ? ಗಟ್ಟಿ ಎತ್ತಿನ ಕಡೀಕೆ ಜರುಗಿಸಿ ಕಟ್ಟಲ್ವಾ? ಇದಕ್ಕೂ ಹಂಗೇ ಮಾಡು. ಬಲಗಡೇದು ಅರ್ಧ ಸುತ್ತು ತಗ್ಗಿಸ್ಬುಡು."

ನಾವಿಬ್ಬರೂ ನೇಗಿಲ ಹಿಂದೆ ಬೆಳೆದವರು. ನೊಗದ ನಡುವಿನ ಕಟ್ಟನ್ನು ಒಂದಿಷ್ಟು ಸರಿಸಿದರೆ ಗಟ್ಟಿ ಎತ್ತಿನ ಮೇಲೆ ಭಾರ ಬೀಳುತ್ತದೆ, ಸೋತದ್ದು ಜೊತೆಗೆ ನಡೆಯುತ್ತದೆ. ಮಾತು ಸರಿಯಾಗೇ ಕೇಳಿಸಿತು. ಗಾಡಿಯ ಕೆಳಗೆ ತೂರಿ ಬಲಗಡೆಯ ನಟ್ಟು ಸಡಿಲಿಸಿದೆ. ಚಕ್ರಗಳೆರಡೂ ಗಟ್ಟಿಯಾಗಿವೆಯಲ್ಲ ಎಂದು ಹೊಳೆದದ್ದು ಆಮೇಲೆ.

"ಸೋತಿರೋದು ಯಾವ್ದು ಬಾವ?"

ಅಲ್ಲಿಂದ ನನಗೆ ಕಾಣುತ್ತಿದ್ದುದು ಅವನ ಮೊಣಕಾಲುಗಳು. ಬಲಗೈ ಬಂದು ಎಡಗೈಯನ್ನು ಎತ್ತಿ ತೊಡೆಯ ಮೇಲಿಟ್ಟಿತು, ಬೇರೆಯವರ ಸಾಮಾನು ಇಟ್ಟಂತೆ.

"ಜೋಮು ಕಣ್ಲಾ. ಹಬ್ಬಕ್ಕೆ ಮುಂಚಿಂದ."

"ಅಕ್ಕಂಗೆ ಗೊತ್ತಾ?"

"ಅವ್ಳಿಗೆ ಗೊತ್ತಾದ್ರೆ ಆಸ್ಪತ್ರೆ ಅಂತಾಳೆ. ಅಲ್ಲಿ ಅನ್‌ಫಿಟ್ ಅಂತಾರೆ. ಆಮೇಲೆ ಈ ಸೀಟ್ ಮೇಲೆ ಯಾರು ಕೂರಿಸ್ತಾರೆ ನನ್ನ? ಮಾಡ್ಲಾ, ಬೇಗ."

ಮುಂದಿನದಕ್ಕೆ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ಕೂಡಲೇ ನಟ್ಟು ಬಿಗಿದು ಹೊರಬರುತ್ತೇನೆ. ಇನ್ನೊಂದರಲ್ಲಿ ರಾಡನ್ನು ಅರ್ಧ ಸುತ್ತು ತಿರುಗಿಸಿ, ಸ್ಪ್ಯಾನರ್ ಹಿಡಿದು ಹಾಗೇ ಮಲಗಿರುತ್ತೇನೆ. ಕಿವಿಯೊಳಗೆ ಹುಲ್ಲಿನ ಚೂರು ಚುಚ್ಚುತ್ತದೆ, ಈ ಅರ್ಧ ಸುತ್ತು ಸಾಲದಾದ ದಿನ ಅವನು ಹೊಂಡದ ಅಂಚಿನಲ್ಲಿದ್ದರೆ ಎಂದುಕೊಳ್ಳುತ್ತೇನೆ, ಮತ್ತೆ ಹಿಂದಕ್ಕೆ ತಿರುಗಿಸುತ್ತೇನೆ. ಮೊದಲನೆಯದು ನನಗೆ ಇಷ್ಟ. ಎರಡನೆಯದರಲ್ಲಿ ಹುಲ್ಲಿದೆ, ಅದೇ ನಿಜವಿರಬೇಕು.

ಗಾಡಿಯ ಕೀ ತೆಗೆದುಕೊಂಡೆ. ಅಕ್ಕನಿಗೆ ಫೋನ್ ಮಾಡಿದೆ.

"ನಿನ್ನ ಕೇಳಿದ್ದು ಅರ್ಧ ಸುತ್ತು ಅಷ್ಟೇ ಕಣ್ಲಾ," ಎಂದ ಭಾವ. ಆಟೊ ಹಿಡಿದು ಹೊಸೂರಿನ ಆಸ್ಪತ್ರೆಗೆ ಹೊರಟೆವು. ರಸ್ತೆಯ ಹಳ್ಳಗಳಲ್ಲಿ ಅವನ ಎಡಗೈ ತೊಡೆಯಿಂದ ಜಾರಿದಾಗಲೆಲ್ಲ ನಾನು ಹೊರಗೆ ನೋಡಿದೆ.

ಆಸ್ಪತ್ರೆಯಲ್ಲಿ ನರ್ಸು ಎಷ್ಟು ದಿನದಿಂದ ಹೀಗೆ ಎಂದು ತಮಿಳಿನಲ್ಲಿ ಕೇಳಿದಳು. ಇವತ್ತಿನಿಂದಲೇ ಎಂದು ಅವನೂ ತಮಿಳಿನಲ್ಲೇ ಹೇಳಿದ.

ಅಲ್ಲ, ಹಬ್ಬಕ್ಕೆ ಮುಂಚಿನಿಂದ ಎಂದೆ ನಾನು. ಅವಳು ಒಳಗಿನ ಡಾಕ್ಟರನ್ನು ಜೋರಾಗಿ ಕರೆದಳು. ಭಾವ ನನ್ನ ಕಡೆ ತಿರುಗಲಿಲ್ಲ.