ಆಸ್ಟಿನ್ ಕಾರಿನಲ್ಲಿ ಉಡಿಯ ಕಾಯಿ

ಹೆದರಿಕೆ ನನಗೆ ಹುಟ್ಟುಗುಣ. ಹಗ್ಗ ಕಂಡರೂ ಹಾವೆಂದು ಹಾರುವವಳು ಎಂದು ನನ್ನ ಗಂಡ ಚೇಷ್ಟೆ ಮಾಡುತ್ತಿದ್ದರು. ಆದರೆ ಎಪ್ಪತ್ತರ ದಶಕದ ಆ ಚಳಿಗಾಲದಲ್ಲಿ ನಾನು ಹೆದರಿದ್ದು ಸುಮ್ಮನೆ ಅಲ್ಲ. ಆರು ತಿಂಗಳ ಬಸುರಿ ನಾನು. ಹಿಂದಿನ ಬಸಿರು ಮೂರು ತಿಂಗಳಿಗೇ ಹೋಗಿತ್ತು. ಬಬಲೇಶ್ವರದ ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಅತ್ತೆ ಮಾತ್ರ ನಾನು ಕೊಡ ಮುಟ್ಟಿದರೆ ಸಾಕು, ಬಂದು ಕಸಿದುಕೊಳ್ಳುತ್ತಿದ್ದರು. ಅವರು ನಕ್ಕಿದ್ದನ್ನು ನೋಡಿದವರು ಓಣಿಯಲ್ಲಿ ಕಡಿಮೆ. ನನಗೆ ಅವರನ್ನು ಕಂಡರೂ ಹೆದರಿಕೆಯೇ.

ಆ ವರ್ಷ ವಿಜಾಪುರದಲ್ಲಿ ಹಳೆಯ ವಿಲಾಯತಿ ಕಾರುಗಳ ಪ್ರದರ್ಶನ ಇಟ್ಟಿದ್ದರು. ನಮ್ಮ ಮನೆಯಲ್ಲೂ ಒಂದು ಆಸ್ಟಿನ್ ಇತ್ತು. ಸೊಲ್ಲಾಪುರದ ಗಿರಣಿಯ ಸಾಹೇಬನೊಬ್ಬ ತನ್ನ ದೇಶಕ್ಕೆ ಹೊರಟಾಗ ಮಾವನವರು ಕೊಂಡದ್ದು. ಅವರು ತೀರಿಕೊಂಡ ಮೇಲೆ ಅದು ದನದ ಕೊಟ್ಟಿಗೆಯ ಪಕ್ಕ ನಿಂತು, ಬೆಕ್ಕು ಅದರ ಹಿಂದಿನ ಸೀಟಿನ ಮೇಲೆ ಎರಡು ಸಲ ಮರಿ ಹಾಕಿತ್ತು. ಪ್ರದರ್ಶನದ ಸುದ್ದಿ ಕೇಳಿದ್ದೇ ನನ್ನ ಗಂಡನಿಗೆ ಊಟ ನಿದ್ದೆ ಬೇಡವಾಯಿತು. ಬೆಕ್ಕನ್ನು ಓಡಿಸಿ, ಕಾರನ್ನು ಬಿಚ್ಚಿ ಜೋಡಿಸಿ, ಕಡೆಗೆ ಕನ್ನಡಿಯ ಹಾಗೆ ಮಾಡಿ ನಿಲ್ಲಿಸಿದರು.

"ಆರ್ ತಿಂಗಳ ಬಸರೀನ ಆ ಡಬ್ಬ್ಯಾಗ ಕುಂಡ್ರಿಸಿಕೊಂಡು ಹೊಂಟೀಯೇನು? ಬುದ್ಧಿ ಎಲ್ಲಿ ಇಟ್ಟೀ?" ಎಂದು ಅತ್ತೆ ಮಗನನ್ನು ಕೇಳಿದರು.

ನನ್ನ ಗಂಡ ನನ್ನ ಮುಖ ನೋಡಿದರು. ಹೋಗಬೇಕೆಂಬ ಆಸೆ ನನಗೂ ಇತ್ತು. ಹೊಟ್ಟೆಯಲ್ಲಿ ಹೆದರಿಕೆ ಇಟ್ಟುಕೊಂಡೇ ಬರುತ್ತೇನೆ ಎಂದೆ.

ನೇರ ದಾರಿ ಬಿಟ್ಟು ನಾವು ತಿಕೋಟಾದ ಮೇಲೆ ಹೋದೆವು. ಅಲ್ಲಿ ನನ್ನ ಗಂಡನ ಅಕ್ಕ ಇದ್ದರು. ತವರಿನ ಕಾರು ಮತ್ತೆ ಓಡುವುದನ್ನು ನೋಡಬೇಕೆಂದು ಹೇಳಿ ಕಳಿಸಿದ್ದರು. ರಸ್ತೆಯ ತಗ್ಗು ದಿನ್ನೆಗಳಿಗೆಲ್ಲ ನಾನು ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಕೂಸು ಒಳಗೆ ಆಡುತ್ತಿತ್ತು. ಅದು ಒದ್ದಾಗಲೆಲ್ಲ ನನ್ನ ಜೀವ ಜಾಗಕ್ಕೆ ಬರುತ್ತಿತ್ತು.

ಅಕ್ಕ ಚಹಾ ಕೊಟ್ಟು, ಹೊರಡುವಾಗ ಮಣೆ ಹಾಕಿ ಕೂರಿಸಿ ಉಡಿ ತುಂಬಿದರು. ಅಕ್ಕಿ, ಉತ್ತತ್ತಿ, ಎಲೆ ಅಡಿಕೆ, ಕುಬಸ ಹೊಲಿಸುವ ಹಸಿರು ಬಟ್ಟೆಯ ಕಣ, ಅದರ ಮೇಲೆ ದೊಡ್ಡದೊಂದು ತೆಂಗಿನಕಾಯಿ.

"ಬಸರಿ ಹೆಣ್ಣುಮಗಳನ್ನ ಬರೇ ಉಡೀಲೆ ಕಳಸಬಾರದವ್ವಾ," ಎಂದರು. "ಮನಿ ದೇವರ ಮುಂದ ಇಡೂತನಕ ಕಾಯಿ ನೆಲಕ್ಕ ಇಡಬ್ಯಾಡ, ಯಾರ ಕೈಯಾಗೂ ಕೊಡಬ್ಯಾಡ."

ಹೀಗೆ ನಾನು ಸೆರಗಿನ ಗಂಟಿನಲ್ಲಿ ಕಾಯಿ ಹೊತ್ತು ಪ್ರದರ್ಶನಕ್ಕೆ ಇಳಿದೆ. ಹೊಟ್ಟೆಯ ಮೇಲೊಂದು ಹೊಟ್ಟೆ. ಸ್ಟೇಷನ್ ರಸ್ತೆಯ ಹತ್ತಿರ ಎತ್ತರದ ಬಯಲಿನಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಮೋರಿಸ್, ಹಿಲ್ಮನ್, ಇಟಲಿಯ ಪುಟ್ಟ ಫಿಯೆಟ್, ಕೊಲ್ಲಾಪುರದ ಕಡೆಯಿಂದ ಬಂದ ಉದ್ದನೆಯ ಜರ್ಮನ್ ಕಾರು. ನಿಡೋಣಿಯಿಂದ ಬಂದಿದ್ದ ರೈತರೊಬ್ಬರು ನಮ್ಮ ಆಸ್ಟಿನ್ನಿನ ಬಾನೆಟ್ ತಟ್ಟಿ, "ಎಷ್ಟು ಎತ್ತಿನ ಕಸುವು ಐತ್ರಿ ಇದಕ್ಕ?" ಎಂದು ಕೇಳಿದರು. ನನ್ನ ಗಂಡ ಎದೆಯುಬ್ಬಿಸಿ ಲೆಕ್ಕ ಹೇಳಿದರು. "ಮತ್ತ ಮೇವು?" ಎಂದು ಆತ ಕೇಳಿದಾಗ ಸುತ್ತಲಿದ್ದವರೆಲ್ಲ ನಕ್ಕರು.

ಮಧ್ಯಾಹ್ನ ಮೆರವಣಿಗೆ. ಹೊರಡುವ ಮೊದಲು ಪ್ರತಿ ಕಾರಿನ ಮುಂದೆ ಅದರ ಮಾಲೀಕ ಕಾಯಿ ಒಡೆಯಬೇಕಿತ್ತು. ಬಸುರಿಯ ಗಂಡ ಕಾಯಿ ಒಡೆಯಬಾರದು ಎಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ಒಡೆದರೆ ಬಸಿರಿಗೆ ಕೇಡು. ನನ್ನ ಗಂಡ ಅಲ್ಲಿಯವರು ಕೊಟ್ಟ ಕಾಯಿ ಹಿಡಿದು ಅತ್ತಿತ್ತ ನೋಡುವುದನ್ನು ಕಂಡು, ಪಕ್ಕದ ಹಿಲ್ಮನ್ನಿನ ಮುಸಲ್ಮಾನ ಹಿರಿಯರೊಬ್ಬರು ಕಾರಿನೊಳಗೆ ಕೂತ ನನ್ನತ್ತ ಒಮ್ಮೆ ಕಣ್ಣು ಹಾಯಿಸಿದರು.

"ತರ್ರಿಲ್ಲೆ, ನಾ ಒಡೀತೇನಿ. ನೀವು ಒಡೀಬಾರದು," ಎಂದು ತಾವೇ ಒಡೆದುಕೊಟ್ಟರು. ನನಗೆ ಅವರ ಕಾಲಿಗೆ ಬೀಳುವಷ್ಟು ಸಮಾಧಾನವಾಯಿತು.

ಬಯಲಿನಿಂದ ರಸ್ತೆಗೆ ಇಳಿಜಾರು. ಇಳಿಯುತ್ತ ಎಡಕ್ಕೆ ತಿರುಗಬೇಕು. ತಿರುವಿನಲ್ಲಿ ಜನವೋ ಜನ. ಎಲ್ಲರಿಗಿಂತ ಮುಂದೆ ಒಬ್ಬ ಅಜ್ಜಿ ಪೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಮುಂದಿನ ಗಾಲಿ ಒಂದು ತಗ್ಗಿಗೆ ಇಳಿದಾಗ, ಗಂಡನ ಎಡಕ್ಕೆ ಕೂತಿದ್ದ ನಾನು ಬಾಗಿಲನ್ನು ಗಟ್ಟಿಯಾಗಿ ಹಿಡಿದೆ. ಸೆರಗಿನ ಗಂಟು ಸಡಿಲಿ ಜಾರಿತು. ಅಕ್ಕಿಯೆಲ್ಲ ಚೆಲ್ಲಿ ಕಾಯಿ ಕೆಳಗೆ ಬಿತ್ತು. ಕಾರು ಎಡಕ್ಕೆ ಹೊರಳಿತು, ಕಾಯಿ ಬಲಕ್ಕೆ ಉರುಳಿತು.

"ಬ್ರೇಕ್ ಇಳೀವಲ್ದು," ಎಂದರು ನನ್ನ ಗಂಡ, ಬಹಳ ಮೆಲ್ಲಗೆ.

ನೋಡಿದೆ. ಕಾಯಿ ಬ್ರೇಕಿನ ಕೆಳಗೆ ಸಿಕ್ಕಿಕೊಂಡಿತ್ತು. ಬಗ್ಗಿ ತೆಗೆಯಹೋದರೆ ಹೊಟ್ಟೆ ಬಿಡಲಿಲ್ಲ. ಕೈ ಚಾಚಿದಷ್ಟೂ ಕಾಯಿ ದೂರವೇ. ಅವರು ಹ್ಯಾಂಡ್ ಬ್ರೇಕ್ ಎಳೆದರು. ಓಟ ತುಸು ತಗ್ಗಿತು, ನಿಲ್ಲಲಿಲ್ಲ. ಅಜ್ಜಿ ಬುಟ್ಟಿಗೆ ಅಡ್ಡ ಕೈ ಹಿಡಿದು ಕೂತೇ ಇದ್ದಳು. ಆಗ ಅವರು ಕಾಲೆತ್ತಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ತುಳಿದರು.

ಕಾಯಿ ಒಡೆದ ಸದ್ದು ಕೇಳಿತು. ಕಾರು ಜಗ್ಗಿ ನಿಂತಿತು. ನಾನು ಮುಂದಕ್ಕೆ ಬಿದ್ದು ಎರಡೂ ಮೊಣಕೈಯನ್ನು ಕಾರಿನ ಮುಂದಿನ ಹಲಗೆಗೆ ಕೊಟ್ಟು ಹೊಟ್ಟೆ ಉಳಿಸಿಕೊಂಡೆ. ಕಾಯಿಯ ನೀರು ನಮ್ಮಿಬ್ಬರ ಪಾದದ ಮೇಲೆ ಹರಿಯಿತು.

"ಇನ್ನೊಂದೀಟು ಆಗಿದ್ರ ನನ್ನ ಹಣ್ಣು ತುಳೀತಿದ್ದೆಲ್ಲೋ ಯಪ್ಪಾ," ಎಂದಳು ಅಜ್ಜಿ. ತನ್ನ ಜೀವದ ಮಾತು ಅವಳಿಗೆ ಹೊಳೆಯಲೇ ಇಲ್ಲ.

ನಮ್ಮಿಬ್ಬರಿಗೂ ಹೊಳೆದದ್ದು ಬೇರೆ. ಬಸುರಿಯ ಗಂಡ ಕಾಯಿ ಒಡೆದಿದ್ದರು. ಅದೂ ಉಡಿಯ ಕಾಯಿ, ಅದೂ ಕಾಲಿನಿಂದ. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ. ಬೆಳಗಿನಿಂದ ಒದೆಯುತ್ತಿದ್ದ ಕೂಸು ಸುಮ್ಮನಾಗಿತ್ತು.

ಬಹುಮಾನ ಯಾರಿಗೆ ಬಂತೋ ನಾವು ನಿಂತು ಕೇಳಲಿಲ್ಲ. ಒಡೆದ ಹೋಳುಗಳನ್ನು ತೊಳೆದು ಕುಬಸದ ಕಣದಲ್ಲಿ ಕಟ್ಟಿಕೊಂಡು ಬಬಲೇಶ್ವರದ ದಾರಿ ಹಿಡಿದೆವು. ಅವರು ಎತ್ತಿನ ಗಾಡಿಗಿಂತ ನಿಧಾನ ಓಡಿಸಿದರು. "ಆಡಾಕತ್ತೈತೇನು?" ಎಂದು ಆಗಾಗ ಕೇಳುವರು. ನಾನು ಇಲ್ಲವೆಂದು ತಲೆಯಾಡಿಸುವೆ. ಹೊಟ್ಟೆ ಕಲ್ಲಾಗಿತ್ತು. ಅತ್ತೆಗೆ ಏನು ಹೇಳುವುದು? ಬೇಡ ಎಂದವರು ಅವರೊಬ್ಬರೇ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮಗಳು ಉಡಿ ತುಂಬದೆ ಕಳಿಸುವುದಿಲ್ಲವೆಂದು ಗೊತ್ತಿದ್ದ ಅವರು ಮೊದಲು ನೋಡಿದ್ದು ನನ್ನ ಉಡಿಯನ್ನು.

"ಕಾಯಿ ಎಲ್ಲೈತಿ?"

"ಅಲ್ಲೇ ಗುಡಿಗೆ ಕೊಟ್ವಿ," ಎಂದು ಮಗ ಶುರು ಮಾಡಿದರು. ನನಗೆ ತಡೆಯಲಾಗಲಿಲ್ಲ. ಅಳುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಕಾಯಿ, ಬ್ರೇಕು, ಕಾಲು, ಮಧ್ಯಾಹ್ನದಿಂದ ಕೂಸು ಆಡದಿರುವುದು.

ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ಅತ್ತೆ ಕಣ ಬಿಚ್ಚಿ ಹೋಳುಗಳನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿದರು.

"ಬೆಳ್ಳಗ ಐತಿ. ಕೆಟ್ಟಿಲ್ಲ," ಎಂದರು. "ಬಾ ಒಳಗ."

ಅಡಿಗೆಮನೆಯಲ್ಲಿ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಕಾಯಿ ತುರಿದು ಬೆಲ್ಲ ಕಲಸಿ, ತಮ್ಮ ಕೈಯಿಂದಲೇ ಬಾಯಿಗಿಟ್ಟರು. "ತಿನ್ನು. ನಿನ್ನ ಉಡೀದು ನಿನ್ನ ಹೊಟ್ಟೀಗೇ ಹೋಗಲಿ. ನೆಲದ ಮ್ಯಾಲ ಯಾಕ ಬೀಳಬೇಕು?" ತಿಂದೆ. ಆಮೇಲೆ ಅವರು ಹತ್ತಿರ ಸರಿದು ಅಂಗೈಯನ್ನು ನನ್ನ ಹೊಟ್ಟೆಯ ಮೇಲಿಟ್ಟು ಕಾದರು.

ಸ್ವಲ್ಪ ಹೊತ್ತಿಗೆ ಹೊಟ್ಟೆ ಅದುರಿದಂತಾಯಿತು. "ಆಡಿತ್ರೀ," ಎಂದೆ.

"ಇಲ್ಲ ಬೇ," ಎಂದರು ಅತ್ತೆ. "ಅದು ನನ್ನ ಕೈ."

ಆಗ ಅವರ ಮುಖ ನೋಡಿದೆ. ಇಷ್ಟು ದಿನ ಸಿಟ್ಟೆಂದು ತಿಳಿದಿದ್ದೆಲ್ಲ ಹೆದರಿಕೆಯಾಗಿತ್ತು. ಹೋದ ಬಸಿರಿಗೆ ಆ ಮನೆಯಲ್ಲಿ ನಾನೊಬ್ಬಳೇ ಅತ್ತಿರಲಿಲ್ಲ. ನಾನು ಅವರ ಕೈಯ ಮೇಲೆ ನನ್ನ ಕೈಯಿಟ್ಟೆ. ಇಬ್ಬರೂ ಉಸಿರು ಹಿಡಿದು ಕೂತೆವು.

ಕೂಸು ಒದೆಯಿತು. ಸರಿಯಾಗಿ, ಅವರ ಅಂಗೈಗೇ.

ಹೊರಗೆ ಕಾರಿನ ಪಕ್ಕದಲ್ಲಿ ಮಗ ಒಳಗೆ ಬರಲು ಧೈರ್ಯವಿಲ್ಲದೆ ನಿಂತಿದ್ದರು. ಅತ್ತೆ ಕೂತಲ್ಲಿಂದಲೇ ದನಿ ಎತ್ತಿದರು. "ಬೆಕ್ಕನ್ನ ಕರಕೊಂಡು ಬಾರಪಾ, ಆ ಡಬ್ಬ್ಯಾಗ ಅದನ್ನೇ ಕುಂಡ್ರಸು. ನನ್ನ ಸೊಸಿ ಇನ್ನ ಏರೂದಿಲ್ಲ."

ದೀಪ ಹಚ್ಚುವ ಹೊತ್ತು ಆಗಿತ್ತು. ಒಂದು ದಿನವೂ ಆ ಹೊತ್ತು ಮೀರಿಸದ ಅತ್ತೆ ಅವತ್ತು ಏಳಲಿಲ್ಲ. ಕತ್ತಲಾದರೂ ನನ್ನ ಹೊಟ್ಟೆಯ ಮೇಲಿಂದ ಕೈ ತೆಗೆಯಲಿಲ್ಲ.